ನೆಲದಡಿಯ ಸ್ಫೋಟಕ್ಕೆ ಗಾಳಿಯ ಸಾಕ್ಷಿ

ಹಿಂದೂಪುರದಲ್ಲಿ ರೈಲು ಹತ್ತಿದರೆ ಆಂಧ್ರದ ಗಡಿ ದಾಟಿ ಸ್ವಲ್ಪ ಹೊತ್ತಿಗೇ ಗೌರಿಬಿದನೂರು ಬರುತ್ತದೆ. ಮಡಕಶಿರಾ ಸೀಮೆಯ ಕನ್ನಡಿಗರಾದ ನಮಗೆ ಅದು ನೆಂಟರ ಮದುವೆಗೆ ಹೋಗಿಬರುವ ಊರು. ಆದರೆ 1965ರಿಂದ ಅಲ್ಲಿನ ಬಯಲಿನಲ್ಲಿ ಇಪ್ಪತ್ತು ಭೂಕಂಪಮಾಪಕಗಳು ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ಸಾಲಾಗಿ ಹರಡಿಕೊಂಡು, ದೂರದ ದೇಶಗಳಲ್ಲಿ ಗುಟ್ಟಾಗಿ ನಡೆಯುವ ಪರಮಾಣು ಪರೀಕ್ಷೆಗಳ ಕಂಪನವನ್ನು ಹಿಡಿಯಲೆಂದೇ ಕಾದಿವೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ನಾನು ಇದನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನೆಲ ನಡುಗಿದ್ದು ಅಣುಬಾಂಬಿನಿಂದಲೋ ಕಲ್ಲುಕ್ವಾರಿಯವರು ಇಟ್ಟ ಮದ್ದಿನಿಂದಲೋ ಅಂತ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದಳು. ಕ್ವಾರಿಯ ಸದ್ದಿಗೆ ಮನೆಯ ಪಾತ್ರೆಗಳು ಅಲುಗುವುದನ್ನು ಕಂಡು ಬೆಳೆದವಳಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆ ಅದು. ಕಂಪನದ ಅಲೆಗಳನ್ನು ನೋಡಿ ಭೂಕಂಪವನ್ನೂ ಸ್ಫೋಟವನ್ನೂ ಬೇರ್ಪಡಿಸಬಹುದು. ಆದರೆ ಆ ಸ್ಫೋಟ ಪರಮಾಣುವಿನದೇ ಎಂದು ಖಚಿತವಾಗಿ ಹೇಳಬೇಕಾದರೆ ವಿದಳನದಿಂದ, ಅಂದರೆ ಪರಮಾಣು ಬೀಜ ಸೀಳುವುದರಿಂದ, ಹುಟ್ಟಿದ ಕಣವೋ ಪರಮಾಣುವೋ ಕೈಗೆ ಸಿಗಲೇಬೇಕು.

ಅಂಥ ಕಣಗಳಲ್ಲಿ ಯಾವ ಬಂಡೆಯೂ ತಡೆಯಲಾರದ್ದು ಆ್ಯಂಟಿನ್ಯೂಟ್ರಿನೊ. ಒಂದು ಪರಮಾಣು ಬೀಜ ಸೀಳಿದರೆ ಅದರ ಚೂರುಗಳಿಂದ ಸರಾಸರಿ ಆರು ಆ್ಯಂಟಿನ್ಯೂಟ್ರಿನೊಗಳು ಹೊರಡುತ್ತವೆ. ರೈನ್ಸ್ ಮತ್ತು ಕೋವನ್ ಎಂಬ ಅಮೆರಿಕದ ವಿಜ್ಞಾನಿಗಳು ಈ ಕಣವನ್ನು ಹಿಡಿಯಲು ಅಣುಬಾಂಬಿನ ಸಮೀಪದಲ್ಲೇ ಶೋಧಕವನ್ನು ಹೂಳುವ ಯೋಜನೆ ಹಾಕಿ, ಆಮೇಲೆ ಅದನ್ನು ಬಿಟ್ಟು, 1956ರಲ್ಲಿ ಪರಮಾಣು ರಿಯಾಕ್ಟರಿನ ಬಳಿ ಅದನ್ನು ಪತ್ತೆ ಮಾಡಿದರು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಗೌರಿಬಿದನೂರಿನ ಕೇಂದ್ರ ಆರಂಭವಾದ ಅದೇ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ, ಇದೇ ಬಳಗದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಹಾಗಿದ್ದರೆ ಇವುಗಳಿಂದಲೇ ಗುಪ್ತ ಪರೀಕ್ಷೆಗಳನ್ನು ಕಾಯಬಾರದೇಕೆ? ನಾನು ಕುಳಿತು ಲೆಕ್ಕ ಹಾಕಿದೆ: ಒಂದು ಕಿಲೋಟನ್ನಿನ, ಅಂದರೆ ಸಾವಿರ ಟನ್ ಟಿಎನ್‌ಟಿ ಮದ್ದಿನಷ್ಟು ಶಕ್ತಿಯ, ಬಾಂಬು ನೂರು ಕಿಲೋಮೀಟರ್ ದೂರದಲ್ಲಿ ಸಿಡಿದರೆ, ಜಪಾನಿನ ಸೂಪರ್ ಕಾಮಿಯೊಕಾಂಡೆಯಂತಹ 50,000 ಟನ್ ನೀರಿನ ತೊಟ್ಟಿಯಲ್ಲಿಯೂ ಸರಾಸರಿ ಒಂದು ಗುರುತು ಕೂಡ ಬೀಳುವುದಿಲ್ಲ. ಬಂಡೆ ತಡೆಯಲಾರದ ಕಣವನ್ನು ನಮ್ಮ ತೊಟ್ಟಿಯೂ ತಡೆಯಲಾರದು. ರಿಯಾಕ್ಟರಿನ ಪಕ್ಕದಲ್ಲೇ ಇಟ್ಟು ಅದರ ಚಟುವಟಿಕೆಯನ್ನು ಗಮನಿಸಲು ಮಾತ್ರ ಈ ಬಗೆಯ ಸಣ್ಣ ಶೋಧಕ ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ಕೆಲಸವೆಲ್ಲ ಗಾಳಿಯ ಮೇಲೆ ಬಿದ್ದಿದೆ. ವಿದಳನದಲ್ಲಿ ಹುಟ್ಟುವ ಝೆನಾನ್ ಜಡ ಅನಿಲವಾದ್ದರಿಂದ ಕಲ್ಲುಮಣ್ಣಿಗೆ ಅಂಟಿಕೊಳ್ಳದೆ ಬಿರುಕುಗಳಲ್ಲಿ ನುಸುಳಿ ಮೇಲೆ ಬರುತ್ತದೆ. 1996ರ ಸಮಗ್ರ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದದಡಿ ಯೋಜಿಸಿದ 80 ವಿಕಿರಣ ಕೇಂದ್ರಗಳಲ್ಲಿ 40 ಕೇಂದ್ರಗಳು ಇಂಥ ಅನಿಲವನ್ನೂ ಅಳೆಯಬೇಕು. ಅಲ್ಲಿನ ಹಲವು ಯಂತ್ರಗಳು ಗಂಟೆಗಟ್ಟಲೆ ಗಾಳಿ ಹೀರಿ, ಇದ್ದಿಲಿನಲ್ಲಿ ಝೆನಾನನ್ನು ಹಿಡಿದಿಟ್ಟು, ಅದರಿಂದ ಬೀಟಾ ಕಣವೂ ಗಾಮಾ ಕಿರಣವೂ ಒಂದೇ ಕ್ಷಣದಲ್ಲಿ ಹೊರಟಾಗ ಮಾತ್ರ ಎಣಿಕೆಗೆ ತೆಗೆದುಕೊಳ್ಳುತ್ತವೆ. ಝೆನಾನ್-133 ಎಂಬ ವಿಕಿರಣಶೀಲ ಬಗೆಯ ಅರ್ಧಾಯು, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಕೇವಲ 5.2 ದಿನ. ಉತ್ತರ ಕೊರಿಯಾ 2006ರ ಅಕ್ಟೋಬರ್‌ನಲ್ಲಿ ನಡೆಸಿದ ಪರೀಕ್ಷೆಯ ಝೆನಾನ್ ಸುಮಾರು ಎರಡು ವಾರಗಳ ನಂತರ ಕೆನಡಾದ ಯೆಲ್ಲೊನೈಫ್‌ನಲ್ಲಿ ಸಿಕ್ಕಿತು. 2009ರಲ್ಲಿ ಏನೂ ಸಿಗಲಿಲ್ಲ. 2013ರ ಫೆಬ್ರವರಿಯ ಪರೀಕ್ಷೆಯ ಸುಳಿವು ಸಿಕ್ಕಿದ್ದು ಜಪಾನಿನ ತಕಸಾಕಿಯಲ್ಲಿ, ಅದೂ 55 ದಿನಗಳ ಮೇಲೆ. ಅಷ್ಟರಲ್ಲಿ ಆ ಅನಿಲ ಹತ್ತು ಸಲಕ್ಕೂ ಹೆಚ್ಚು ಅರ್ಧಕ್ಕರ್ಧ ಕರಗಿ, ಮೂಲದ ಸಾವಿರದಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಆದರೂ ಝೆನಾನ್-131ಎಂ ಮತ್ತು ಝೆನಾನ್-133 ಎಂಬ ಎರಡು ಬಗೆಗಳ ಪ್ರಮಾಣವನ್ನು ಹೋಲಿಸಿ, ಆ ವಿದಳನ ಫೆಬ್ರವರಿಯ ಸ್ಫೋಟದ ಕಾಲಕ್ಕೆ ಹೊಂದುತ್ತದೆ ಎಂದು ಕಂಡುಕೊಂಡರು. ವೈದ್ಯಕೀಯ ಐಸೊಟೋಪುಗಳನ್ನು ತಯಾರಿಸುವ ಕಾರ್ಖಾನೆಗಳೂ ಝೆನಾನನ್ನು ಹೊರಬಿಡುವುದರಿಂದ ಈ ಹೋಲಿಕೆಯಿಲ್ಲದೆ ಯಾರನ್ನೂ ಹೊಣೆ ಮಾಡುವಂತಿಲ್ಲ.

ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದ್ದರಿಂದ ಆ ಜಾಲದ ಒಂದು ಕೇಂದ್ರವೂ ನಮ್ಮ ನೆಲದಲ್ಲಿಲ್ಲ. ಸಹಿಯ ಹಿಂದಿನ ರಾಜಕಾರಣ ಏನೇ ಇರಲಿ, ಗೌರಿಬಿದನೂರಿನಂತಹ ಕೇಂದ್ರವನ್ನು ಅಷ್ಟು ಮೊದಲೇ ಕಟ್ಟಿದ ದೇಶದ ಗಾಳಿ ಈ ಅಳತೆಯಿಂದ ಹೊರಗುಳಿದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆ ಹುಡುಗಿಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದೆಂದು ವಿಕಿರಣವನ್ನು ಎಣಿಸುವ ಸಣ್ಣದೊಂದು ಗೈಗರ್ ಕೌಂಟರ್ ತರಿಸಿದೆ. ಶಾಲೆಯ ಜಗಲಿಯ ಗ್ರಾನೈಟ್ ಚಪ್ಪಡಿಯ ಮೇಲಿಟ್ಟಾಗ ಅದು ಬಯಲಿಗಿಂತ ಬೇಗಬೇಗ ಟಿಕ್ ಟಿಕ್ ಎಂದಿತು, ಏಕೆಂದರೆ ನಮ್ಮ ಕಲ್ಲಿನಲ್ಲಿಯೇ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಅಂಶವಿದೆ. ಮೊದಲ ಮುಂಗಾರು ಮಳೆ ಸುರಿದ ಸಂಜೆ, ಕಾರಿನ ಮೇಲಿನ ನೀರನ್ನು ಒಂದು ಕಾಗದದಿಂದ ಒರೆಸಿ ಕೌಂಟರಿನ ಕೆಳಗೆ ಹಿಡಿದೆವು. ಗಾಳಿಯಲ್ಲಿದ್ದ ರೇಡಾನ್ ಎಂಬ ವಿಕಿರಣಶೀಲ ಅನಿಲದ ಸಂತತಿ, ಅಂದರೆ ಅದು ಕ್ಷಯಿಸಿದಾಗ ಹುಟ್ಟುವ ಪರಮಾಣುಗಳು, ಮಳೆಯೊಂದಿಗೆ ಇಳಿದಿದ್ದರಿಂದ ಎಣಿಕೆ ಥಟ್ಟನೆ ಏರಿತು. ಅವಳು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದಳು. ಸುಮಾರು ಅರ್ಧ ಗಂಟೆಗೆ ಏರಿಕೆ ಅರ್ಧಕ್ಕಿಳಿಯಿತು, ಕತ್ತಲಾಗುವ ಹೊತ್ತಿಗೆ ಕಾಗದದಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.