ಸೋತವರಿಗೆ ಎರಡನೇ ಕುರ್ಚಿ ಕೊಡಬೇಕಾ?

ಹಿಲರಿ ಕ್ಲಿಂಟನ್ ಉಪಾಧ್ಯಕ್ಷೆ ಆಗಲೇಬೇಕು ಅಂತ ನಮ್ಮ ಪಕ್ಕದ ಮನೆಯ ಹಿರಿಯಾಕೆ 2008ರ ಜೂನ್ ಪೂರ್ತಿ ಹೇಳುತ್ತಿದ್ದರು. ರಿಟೈರ್ ಆದ ಟೀಚರ್. ಆ ವರ್ಷ ಜನವರಿಯ ಚಳಿಯಲ್ಲಿ ಮನೆ ಮನೆ ಬಾಗಿಲು ತಟ್ಟಿ ಹಿಲರಿಗೆ ಮತ ಕೇಳಿದವರು. ನಾವಾಗ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾದಲ್ಲಿದ್ದೆವು. ನನ್ನದು ಎಚ್‌1ಬಿ ವೀಸಾ, ಮತ ಹಾಕುವ ಹಕ್ಕಿಲ್ಲ. ಆದರೂ ಪ್ರೈಮರಿ, ಅಂದರೆ ಪಕ್ಷ ತನ್ನ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ, ಬಂತೆಂದರೆ ಆ ಪುಟ್ಟ ರಾಜ್ಯದಲ್ಲಿ ಯಾರೂ ದೂರ ನಿಲ್ಲೋಕಾಗಲ್ಲ. ಕಾಫಿ ಕುಡಿಯಲು ಹೋದ ಕಡೆಯೂ ಅದೇ ಮಾತು.

ಜೂನ್ 3ಕ್ಕೆ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಗಳು ಮುಗಿದು ಒಬಾಮಾ ಗೆದ್ದರು. ಇಬ್ಬರಿಗೂ ಹತ್ತಿರ ಹತ್ತಿರ 1 ಕೋಟಿ 80 ಲಕ್ಷ ಮತ ಬಿದ್ದಿದ್ದವು. ಐದು ತಿಂಗಳು ಜಗಳ ಆಡಿದವರು ಮೊದಲ ಸಲ ಒಂದೇ ವೇದಿಕೆಯಲ್ಲಿ ಪ್ರಚಾರ ಮಾಡಲು ಆರಿಸಿಕೊಂಡದ್ದು ನಮ್ಮದೇ ರಾಜ್ಯದ ಯೂನಿಟಿ ಅನ್ನೋ ಸಣ್ಣ ಊರನ್ನು. ಪ್ರೈಮರಿಯಲ್ಲಿ ಅಲ್ಲಿ ಹಿಲರಿಗೆ 107 ಮತ, ಒಬಾಮಾಗೂ 107. ಜೂನ್ 27, ಶುಕ್ರವಾರ. "ರಜೆ ಹಾಕು, ಹೋಗೋಣ" ಅಂದರು ಟೀಚರ್. ಹಾಕಿದೆ.

ಶಾಲೆಯ ಹತ್ತಿರದ ಹುಲ್ಲುಗಾವಲಿನಲ್ಲಿ ಸಭೆ. ಸಾವಿರಾರು ಜನ ಬಿಸಿಲಲ್ಲಿ ನಿಂತಿದ್ದರು. ಹಿಲರಿ ತಿಳಿನೀಲಿ ಸೂಟ್ ಹಾಕಿದ್ದರು, ಒಬಾಮಾ ಟೈ ಕೂಡ ಅದೇ ನೀಲಿ. ಮೊದಲು ಹಿಲರಿ ಮಾತಾಡಿದರು. ನನಗೆ ಓಟು ಹಾಕಿದವರೆಲ್ಲ ಈಗ ಒಬಾಮಾ ಜೊತೆ ನಿಲ್ಲಿ ಅಂತ ಒಂದಿಷ್ಟೂ ಹಿಂದೆಮುಂದೆ ನೋಡದೆ ಕೇಳಿಕೊಂಡರು. ನಾನು ವೇದಿಕೆಗಿಂತ ಜಾಸ್ತಿ ನಮ್ಮ ಟೀಚರನ್ನೇ ನೋಡುತ್ತಿದ್ದೆ. ಹ್ಯಾಟಿಗೆ ಹಿಲರಿಯ ಬಟನ್ ಚುಚ್ಚಿಕೊಂಡಿದ್ದರು. ಪಕ್ಕದಲ್ಲಿದ್ದ ಹುಡುಗನೊಬ್ಬ ಒಬಾಮಾ ಸ್ಟಿಕ್ಕರ್ ಕೊಟ್ಟಾಗ ಥ್ಯಾಂಕ್ಸ್ ಹೇಳಿ ಇಸ್ಕೊಂಡರು, ನೀಟಾಗಿ ಮಡಚಿ ಪರ್ಸಿನೊಳಗೆ ಇಟ್ಟರು. ಅಂಟಿಸಿಕೊಳ್ಳಲಿಲ್ಲ. ಒಬಾಮಾ ಹಿಲರಿಯನ್ನು ಹೊಗಳುವಾಗ ಚಪ್ಪಾಳೆ ಹೊಡೆದರು, ಅವರು ಬೇರೆ ವಿಷಯಕ್ಕೆ ಬಂದ ಕೂಡಲೇ ಕೈ ಕೆಳಗೆ.

ವಾಪಸ್ ಬರುವಾಗ ಕಾರಿನಲ್ಲಿ ಶುರುವಾಯಿತು ನೋಡಿ. ಜನವರಿಯ ಡಿಬೇಟ್‌ನಲ್ಲಿ, ಹಿಲರಿಯನ್ನು ಜನ ಅಷ್ಟಾಗಿ ಇಷ್ಟಪಡಲ್ಲವಂತೆ ಅನ್ನೋ ಪ್ರಶ್ನೆ ಬಂದಾಗ, ಒಬಾಮಾ ತಲೆ ಎತ್ತದೆ "ಸಾಕಷ್ಟು ಇಷ್ಟವಾಗ್ತೀರಿ ಬಿಡಿ, ಹಿಲರಿ" ಅನ್ನೋ ಧಾಟಿಯಲ್ಲಿ ಹೇಳಿದ್ದರು. ಅದನ್ನು ಈಕೆ ಮರೆತಿರಲಿಲ್ಲ. "ಅರ್ಧ ಪಕ್ಷ ನಮ್ಮದು. ನಮ್ಮ ಓಟು ಬೇಕು, ನಮ್ಮ ಕ್ಯಾಂಡಿಡೇಟ್ ಬೇಡವಾ?" ಅಂದರು. ಹಿಂದಿನ ದಿನವಷ್ಟೇ ಹಿಲರಿಯ ಪ್ರಚಾರದ ಸಾಲ ತೀರಿಸಲು ಒಬಾಮಾ ಸ್ವಂತ ಹಣದಿಂದ 2,300 ಡಾಲರ್ ಚೆಕ್ ಬರೆದಿದ್ದರಲ್ಲ ಅಂದೆ. ಕಾನೂನು ಒಬ್ಬರಿಗೆ ಬಿಟ್ಟಿದ್ದೇ ಅಷ್ಟು. "ಚೆಕ್ ಅಲ್ಲ ನಾವು ಕೇಳಿದ್ದು" ಅಂದರು.

ಅವರ ನೋವು ನನಗೆ ಪೂರ್ತಿ ಅರ್ಥ ಆಗುತ್ತಿತ್ತು. ಆದರೆ ಒಪ್ಪಲು ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಒಂದೇ ಪಕ್ಷದ ಟಿಕೆಟಿಗೆ ಸೆಣಸಿದ ಹಳೆಯ ಜೋಡಿಗಳನ್ನು ನೋಡಿ. 1980ರಲ್ಲಿ ರೇಗನ್ ಅವರ ಆರ್ಥಿಕ ಯೋಜನೆಯನ್ನು ಹಿರಿಯ ಬುಷ್ 'ವೂಡೂ' ಅಂದರೆ ಮಾಟಮಂತ್ರ ಅಂತ ಗೇಲಿ ಮಾಡಿದ್ದರು, ಆಮೇಲೆ ಅದೇ ರೇಗನ್‌ಗೆ ಉಪಾಧ್ಯಕ್ಷರಾಗಿ ಎಂಟು ವರ್ಷ ನಿಭಾಯಿಸಿದರು. ಹೇಗೆ ಸಾಧ್ಯವಾಯಿತು? ಬುಷ್ ಮೊದಲ ಸ್ಪರ್ಧೆ ನಡೆದ ಅಯೋವಾ ರಾಜ್ಯ ಗೆದ್ದರೂ ಕೊನೆಗೆ ತುಂಬಾ ಹಿಂದೆ ಬಿದ್ದಿದ್ದರು. ಯಾರು ದೊಡ್ಡವರು ಅನ್ನೋ ಪ್ರಶ್ನೆಯೇ ಇರಲಿಲ್ಲ. ಅದೇ 1976ರಲ್ಲಿ ಆಗಿನ ಅಧ್ಯಕ್ಷ ಫೋರ್ಡ್ ಮತ್ತು ರೇಗನ್ ಕೂದಲೆಳೆಯ ಅಂತರದಲ್ಲಿದ್ದರು. ಫೋರ್ಡ್ ಗೆದ್ದರು, ಆದರೆ ರೇಗನ್‌ರನ್ನು ಬಿಟ್ಟು ಸೆನೆಟರ್ ಡೋಲ್‌ರನ್ನು ಆರಿಸಿಕೊಂಡರು. ಸರಿಸಮ ಹೋರಾಡಿದ ಇಬ್ಬರು ಒಂದೇ ಮನೆಯಲ್ಲಿ ಹಿರಿಯ ಕಿರಿಯ ಅಂತ ಬಾಳುವುದು ಕಷ್ಟ. 1960ರಲ್ಲಿ ಎರಡನೆಯವರಾಗಿದ್ದ ಜಾನ್ಸನ್‌ರನ್ನು ಕೆನಡಿ ಸೇರಿಸಿಕೊಂಡರು, ಟೆಕ್ಸಾಸ್ ರಾಜ್ಯ ಸಿಕ್ಕಿತು, ಚುನಾವಣೆ ಗೆದ್ದರು. ಆಮೇಲೆ? ಸೆನೆಟ್ಟನ್ನೇ ಆಳಿದ್ದ ಆ ಮನುಷ್ಯ ಉಪಾಧ್ಯಕ್ಷರಾಗಿ ಕೆಲಸವಿಲ್ಲದೆ ಕೊರಗಿದರು, ಅಧ್ಯಕ್ಷರ ತಮ್ಮ ರಾಬರ್ಟ್‌ಗೂ ಅವರಿಗೂ ಹಗೆತನ ಬೇರೆ. ಆದರೆ 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾದಾಗ ವಿಮಾನದೊಳಗೆ ಪ್ರಮಾಣವಚನ ತೆಗೆದುಕೊಂಡದ್ದು ಅವರೇ. ಅದನ್ನು ಮರೆಯಬಾರದು. ಅಧ್ಯಕ್ಷರು ಸತ್ತು ಅಥವಾ ರಾಜೀನಾಮೆ ಕೊಟ್ಟು ಒಂಬತ್ತು ಉಪಾಧ್ಯಕ್ಷರು ಆ ಕುರ್ಚಿಗೆ ಬಂದಿದ್ದಾರೆ. ಮತ ಒಟ್ಟು ಮಾಡೋಕೆ ಅಂತ ಸುಮ್ನೆ ಕೊಡುವ ಜಾಗ ಅಲ್ಲ ಅದು.

ಆ ವಾರ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ, "ಇಪ್ಪತ್ತು ತಿಂಗಳು ನಿನಗೆ, ಇಪ್ಪತ್ತು ತಿಂಗಳು ನನಗೆ ಅಂದವರ ಕಥೆ ಏನಾಯ್ತು ನೋಡಿದ್ಯಲ್ಲ" ಅಂದರು. ಕರ್ನಾಟಕದಲ್ಲಿ ಆ ಸರ್ಕಾರ ಬಿದ್ದು ಇನ್ನೂ ವರ್ಷ ಆಗಿರಲಿಲ್ಲ. ಅದು ಎರಡು ಪಕ್ಷಗಳ ವ್ಯವಹಾರ, ಇದು ಬೇರೆ. ನಮ್ಮಲ್ಲಿ ಬೆಂಬಲ ವಾಪಸ್ ತೆಗೆದುಕೊಂಡರೆ ಸರ್ಕಾರ ಬೀಳುತ್ತೆ, ಮುಖ್ಯಮಂತ್ರಿ ಬೇಡ ಅನಿಸಿದ ಮಂತ್ರಿಯನ್ನು ಕೈಬಿಡಬಹುದು. ಅಮೆರಿಕದಲ್ಲಿ ಉಪಾಧ್ಯಕ್ಷರನ್ನು ಅಧ್ಯಕ್ಷರು ಕೆಲಸದಿಂದ ತೆಗೆಯುವ ಹಾಗೇ ಇಲ್ಲ, ಅವರೂ ಚುನಾಯಿತರೇ. ಮನಸ್ಸು ಮುರಿದರೆ ನಾಲ್ಕು ವರ್ಷ ಇಬ್ಬರೂ ಅನುಭವಿಸಬೇಕು.

ಆಗಸ್ಟ್‌ನಲ್ಲಿ ಒಬಾಮಾ ಬೈಡನ್‌ರನ್ನು ಆರಿಸಿದರು. ಬೈಡನ್ ಕೂಡ ಅದೇ ಪ್ರೈಮರಿಯಲ್ಲಿ ಎದುರಾಳಿ, ಆದರೆ ಅಯೋವಾದಲ್ಲೇ ಸೋತು ಮನೆಗೆ ಹೋದವರು. ಟೀಚರ್ ಎರಡು ದಿನ ಟಿವಿ ಹಾಕಲಿಲ್ಲವಂತೆ. ಆದರೆ ಅದೇ ತಿಂಗಳು ಡೆನ್ವರ್‌ನಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಹಿಲರಿ, ಮತ ಎಣಿಕೆ ನಡೆಯುತ್ತಿದ್ದಾಗಲೇ, ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತು ಎಣಿಕೆ ಸಾಕು, ಒಬಾಮಾ ಅವರನ್ನು ಎಲ್ಲರೂ ಒಕ್ಕೊರಲಿನಿಂದ ಆರಿಸೋಣ ಅಂತ ಕೇಳಿದರಲ್ಲ, ಅವತ್ತು ಈಕೆ ಅತ್ತುಬಿಟ್ಟರು. ನವೆಂಬರ್‌ನಲ್ಲಿ ಒಬಾಮಾಗೇ ಮತ ಹಾಕಿದರು. ಯಾವ ಹುದ್ದೆಯ ಭರವಸೆಯೂ ಇಲ್ಲದೆ ಹಿಲರಿ ಊರೂರು ಸುತ್ತಿದ್ದರಿಂದಲೇ ಈಕೆಯಂಥವರು ಬಂದರು ಅಂತ ನಾನು ನಂಬುತ್ತೇನೆ.

ಹಿಲರಿ ವಿದೇಶಾಂಗ ಸಚಿವೆ ಆದಾಗ ನೋಡಿ, ಉಪಾಧ್ಯಕ್ಷೆಗಿಂತ ದೊಡ್ಡ ಕೆಲಸವೇ ಸಿಕ್ಕಿತು ಅಂದೆ. "ಆ ಕೆಲಸದಿಂದ ಅವರನ್ನು ಯಾವಾಗ ಬೇಕಾದರೂ ತೆಗೆಯಬಹುದು, ಅಲ್ವಾ?" ಅಂದರು. "ಯಾರೂ ಕಿತ್ತುಕೊಳ್ಳೋಕಾಗದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂರಲಿ ಅಂತಲೇ ನಾನು ಕೇಳಿದ್ದು." ನಾನು ಅಪಾಯ ಅಂದುಕೊಂಡಿದ್ದೇ ಅವರಿಗೆ ಬೇಕಾಗಿತ್ತು.

2020ರಲ್ಲಿ ನಾನು ಅಮೆರಿಕದ ಪ್ರಜೆಯಾಗಿ ಮೊದಲ ಸಲ ಮತ ಹಾಕಿದೆ. ಬ್ಯಾಲೆಟ್ ಪೇಪರಿನಲ್ಲಿ ಬೈಡನ್ ಹೆಸರಿನ ಜೊತೆ ಕಮಲಾ ಹ್ಯಾರಿಸ್ ಹೆಸರಿತ್ತು. ಅವರೂ ಮಯಾಮಿ ಡಿಬೇಟ್‌ನಲ್ಲಿ ಬೈಡನ್‌ರ ಬೆವರಿಳಿಸಿದ ಎದುರಾಳಿಯೇ, ಆದರೆ ಒಂದು ಮತವೂ ಬೀಳುವ ಮೊದಲೇ ಕಣದಿಂದ ಹಿಂದೆ ಸರಿದಿದ್ದರು. ಇಂಥ ಜೋಡಿಗೆ ನನ್ನ ತಕರಾರಿಲ್ಲ. ಟೀಚರ್‌ಗೆ ಫೋನ್ ಮಾಡಿದೆ. ತುಂಬಾ ಖುಷಿಯಲ್ಲಿದ್ದರು. "ಹನ್ನೆರಡು ವರ್ಷ ತಡ" ಅಂದರು.