80 ಡಿಗ್ರಿಯಲ್ಲಿ ಸಿಹಿಯಾಗದ ಆಲೂಗಡ್ಡೆ

ಫಿನ್‌ಲ್ಯಾಂಡಿನ ತಾಂಪೆರೆಯ ಒಂದು ಲಂಚ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ನನಗೆ ಅದು ಮೊದಲ ಡಿಸೆಂಬರ್. ಕ್ರಿಸ್‌ಮಸ್ ಊಟದ ಬುಕಿಂಗ್ ಶುರುವಾಗಿತ್ತು. ಹ್ಯಾಮ್, ಲಂತ್ತುಲಾತಿಕ್ಕೊ (ರುಟಬಾಗ ಗಡ್ಡೆ ಹಿಸುಕಿ ಓವನ್‌ನಲ್ಲಿ ಮಾಡುವ ಅಡುಗೆ) ಆಗಲೇ ಕೈಗೆ ಹತ್ತಿದ್ದವು. ಇಮೆಲ್ಲೆತ್ತು ಪೆರುನಲಾತಿಕ್ಕೊ, ಅಂದರೆ ಸಿಹಿಯಾಗಿಸಿದ ಆಲೂಗಡ್ಡೆಯ ಓವನ್ ಅಡುಗೆ, ಮಾತ್ರ ಹೊಸದು.

ಸಿಹಿ ಆಲೂಗಡ್ಡೆ ಅಂದರೆ ಗೆಣಸು ಅನ್ನಿಸುತ್ತದೆ, ಅಲ್ವಾ? ಗೆಣಸಲ್ಲ, ಮಾಮೂಲಿ ಆಲೂಗಡ್ಡೆ. ಬೇಯಿಸಿ, ಹಿಸುಕಿ, ಸ್ವಲ್ಪ ಆರಿದ ಮೇಲೆ ಗೋಧಿ ಹಿಟ್ಟು ಬೆರೆಸಿ, ಮುಚ್ಚಿ ನಾಲ್ಕೈದು ಗಂಟೆ ಬೆಚ್ಚಗಿಡಬೇಕು. ಹಿಟ್ಟಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಆಲೂಗಡ್ಡೆಯ ಪಿಷ್ಟವನ್ನು ಮಾಲ್ಟೋಸ್ ಅನ್ನುವ ಸಕ್ಕರೆಯಾಗಿ ಮಾಡುತ್ತದೆ. ಒಂದು ಚಮಚ ಸಕ್ಕರೆ ಹಾಕದೆಯೂ ಸಿಹಿ ಬರುತ್ತದೆ. ಆಮೇಲೆ ಹಾಲು, ಬೆಣ್ಣೆ, ಉಪ್ಪು ಸೇರಿಸಿ, ಓವನ್‌ನಲ್ಲಿ 150 ಡಿಗ್ರಿಗೆ ನಿಧಾನವಾಗಿ ಬೇಯಿಸುವುದು. ಹ್ಯಾಮೆ ಸೀಮೆಯ ಹಳೆಯ ಹಬ್ಬದಡುಗೆ. ತೂವಿಂಕಿ ಅಂತಲೂ ಕರೆಯುತ್ತಾರೆ.

ರಾತ್ರಿ ಪಾಳಿಯಲ್ಲಿ ನಾನು ಹತ್ತು ಕಿಲೋ ಹಿಸುಕಿದೆ. ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅನ್ನುವುದು ತಲೆಯಲ್ಲಿ ಕೂತಿತ್ತು. ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು ಅಂದುಕೊಂಡೆ. ಹಬೆಯಾಡುವಾಗಲೇ ಹಿಟ್ಟು ಕಲಸಿ, ಹೀಟ್ ಕ್ಯಾಬಿನೆಟ್ಟನ್ನು 80ಕ್ಕೆ ತಿರುಗಿಸಿ ಮನೆಗೆ ಹೋದೆ.

ಬೆಳಿಗ್ಗೆ ಐದೂವರೆಗೆ ಮುಚ್ಚಳ ತೆಗೆದೆ. ನೀರಾಗಿ ಸಡಿಲವಾಗಿರಬೇಕಿದ್ದದ್ದು ಮುದ್ದೆಯ ಹಾಗೆ ನಿಂತಿತ್ತು. ಸೌಟು ಚುಚ್ಚಿದರೆ ನೆಟ್ಟಗೆ ನಿಂತಿತು. ನಾಲಿಗೆಗೆ ಇಟ್ಟುಕೊಂಡೆ. ಬರೀ ಹಿಟ್ಟಿನ ರುಚಿ. ಥರ್ಮಾಮೀಟರ್ 79 ತೋರಿಸಿತು. ಒಳಗಿನ ಅಮೈಲೇಸ್ ಅಷ್ಟು ಬಿಸಿಗೆ ರಾತ್ರಿಯೇ ಸತ್ತಿತ್ತು. ಹನ್ನೊಂದಕ್ಕೆ ಊಟ.

ಇಲ್ಲಿ ನಾನು ಮಾಡಿದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಯಾರನ್ನೂ ಕೇಳಲಿಲ್ಲ. ಸಿರಪ್ ಡಬ್ಬ ತೆಗೆದು ಸುರಿದೆ, ಹಾಲು ಹಾಕಿ ತೆಳ್ಳಗೆ ಮಾಡಿ, ಸ್ಟೀಲ್ ಟ್ರೇಗಳಿಗೆ ತುಂಬಿ ಓವನ್‌ಗೆ ತಳ್ಳಿದೆ. ಮೇಲೆ ಚೆನ್ನಾಗಿಯೇ ಕೆಂಪಾಯಿತು.

ಹನ್ನೆರಡೂಕಾಲಿಗೆ ಒಬ್ಬ ಅಜ್ಜಿ ತಟ್ಟೆ ಹಿಡಿದುಕೊಂಡು ಕೌಂಟರಿಗೆ ಬಂದರು. ಜಗಳ ಮಾಡಲಿಲ್ಲ. "ಇದು ಸಿಹಿ ಹಾಕಿದ್ದು, ಸಿಹಿಯಾದದ್ದಲ್ಲ" ಅಂದರು. ಪಕ್ಕದಲ್ಲಿದ್ದ ನಮ್ಮ ಹಿರಿಯ ಅಡುಗೆಯವರು ಒಂದು ಚಮಚ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಸಿರಪ್ ಹಾಕಿದ್ಯಾ?"

"ಹಾಕಿದೆ."

"ಐದೂವರೆಗೇ ನನಗೆ ಫೋನ್ ಮಾಡಿದ್ದರೆ, ಆರಿಸಿ, ಹೊಸ ಹಿಟ್ಟು ಹಾಕಿ, ಅರ್ಧದಷ್ಟಾದರೂ ಉಳಿಸಬಹುದಿತ್ತು."

ಅಷ್ಟೇ ಹೇಳಿದ್ದು. ನಮ್ಮಮ್ಮ ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಮಾಲ್ಟ್ ಮಾಡುತ್ತಿದ್ದುದು ಆಗ ನೆನಪಾಯಿತು. ಅಲ್ಲಿಯೂ ಸಿಹಿ ಒಳಗಿನಿಂದಲೇ ಬರುವುದು. ಚಿಕ್ಕಂದಿನಿಂದ ನೋಡಿದ್ದೆ. ಆದರೂ ಬೆಳಿಗ್ಗೆ ನನ್ನ ಕೈ ಡಬ್ಬಕ್ಕೇ ಹೋಯಿತು.

ನಮ್ಮ ಟೆಂಪರೇಚರ್ ಶೀಟ್ ಬಗ್ಗೆಯೂ ನನಗೆ ಕೋಪವಿದೆ. ಸೂಪಿಗೂ ಇದಕ್ಕೂ ಒಂದೇ ಕಾಲಮ್, ಕನಿಷ್ಠ ಎಷ್ಟು ಅಂತ ಮಾತ್ರ. ಗರಿಷ್ಠ ಬರೆಯಲು ಜಾಗವೇ ಇಲ್ಲ. ನನ್ನ ಶೀಟಿನಲ್ಲಿ ಆ ದಿನ ಎಲ್ಲ ಸರಿಯಾಗಿತ್ತು. ಮ್ಯಾನೇಜರಿಗೆ ಎರಡು ಸಲ ಹೇಳಿದೆ. ಇನ್ನೂ ಬದಲಾಗಿಲ್ಲ.

ಮರುದಿನ ಹಿರಿಯರ ಎದುರಿಗೇ ಮತ್ತೆ ಮಾಡಿದೆ. 65ಕ್ಕೆ ಇಳಿಯುವ ತನಕ ಕಾದು ಹಿಟ್ಟು ಹಾಕಿದೆ. ಎರಡು ಗಂಟೆಗೆ ಅಂಚು ಸಡಿಲವಾಯಿತು. ನಾಲ್ಕು ಗಂಟೆಗೆ ಸೌಟು ತಾನಾಗಿ ಪಕ್ಕಕ್ಕೆ ವಾಲಿತು. ಈಗ ಕ್ಯಾಬಿನೆಟ್ ಬಾಗಿಲಿಗೆ ಟೇಪ್ ಅಂಟಿಸಿ ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ: ಇಮೆಲ್ಲೆತ್ತು, 60ರಿಂದ 65.