ಮಳೆಗಾಲದಲ್ಲಿ ಹೊಲ ಖಾಲಿ ಏಕೆ?

ವಿಜಯಪುರ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಹೊಲಗಳನ್ನು ಜುಲೈನಲ್ಲಿ ನೋಡಿ ಬಂದವರು ನನ್ನನ್ನು ಕೇಳುವುದು ಒಂದೇ: ‘ಮಳೆಗಾಲದಲ್ಲಿ ಭೂಮಿ ಖಾಲಿ ಬಿಟ್ಟು, ಮಳೆ ಮುಗಿಯುವ ಹೊತ್ತಿಗೆ ಜೋಳ ಬಿತ್ತುತ್ತಾರಲ್ಲ, ಇದೆಂಥ ಬೇಸಾಯ?’ ರೈತರು ಸೋಮಾರಿಗಳೇನೋ ಎಂಬ ಅನುಮಾನ ಆ ದನಿಯಲ್ಲಿ ಇಣುಕಿದಾಗ ನನಗೆ ನೋವಾಗುತ್ತದೆ. ಆ ಹೊಲದಲ್ಲಿ ಆಗ ನಡೆದಿರುವುದು ನೀರು ತುಂಬಿಸುವ ಕೆಲಸ.

ಮುಂಗಾರಿನ ಮೋಡಗಳು ಬಹುಪಾಲು ಪಶ್ಚಿಮ ಘಟ್ಟದಲ್ಲೇ ಬರಿದಾಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರುವ ಮಳೆ, ಮಳೆನೆರಳಿನ ವಿಜಯಪುರದಲ್ಲಿ 600ರ ಆಸುಪಾಸು. ಅದೂ ಜೂನಿನಲ್ಲಿ ಆಸೆ ಹುಟ್ಟಿಸಿ, ನಡುವೆ ವಾರಗಟ್ಟಲೆ ಕೈಕೊಟ್ಟು, ಸೆಪ್ಟೆಂಬರಿನಲ್ಲಿ ಹೆಚ್ಚು ಸುರಿಯುತ್ತದೆ.

ಇದಕ್ಕೆ ಆಸರೆ ಎರೆಮಣ್ಣು. ಜೇಡಿ ಹೆಚ್ಚಿರುವ ಈ ಆಳದ ಮಣ್ಣು ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹಾಗಾಗಿ ಮುಂಗಾರಿನಲ್ಲಿ ರೈತರು ಒಡ್ಡು ಸರಿಪಡಿಸುತ್ತಾರೆ, ಬಿದ್ದ ನೀರು ಅಲ್ಲೇ ಇಂಗಲೆಂದು ಹೊಲವನ್ನು ಚೌಕಗಳಾಗಿ ವಿಂಗಡಿಸಿ ಚೌಕು ಮಡಿ ಕಟ್ಟುತ್ತಾರೆ, ತೇವ ಕದಿಯುವ ಕಳೆಯನ್ನು ಕುಂಟೆ ಹೊಡೆದು ತೆಗೆಯುತ್ತಾರೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗಿನ ಉತ್ತರಿ, ಹಸ್ತ ಮಳೆಯ ಹದ ನೋಡಿ ಕೂರಿಗೆಯಿಂದ ಬಿಳಿಜೋಳ ಬಿತ್ತುತ್ತಾರೆ. ಮುಂದಿನ ನಾಲ್ಕು ತಿಂಗಳು ಬೆಳೆ ಬದುಕುವುದು ಹೆಚ್ಚಾಗಿ ಆ ಕೂಡಿಟ್ಟ ತೇವದಿಂದಲೇ. ಒಣಗಿದ ಎರೆ ಬಿರುಕು ಬಿಟ್ಟರೆ ಬೇರು ಹರಿಯುತ್ತದೆ, ತೇವ ಆರುತ್ತದೆ. ಆದ್ದರಿಂದ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ಇಷ್ಟು ನಾಜೂಕಿನ ದುಡಿಮೆಯನ್ನು ಸುಮ್ಮನೆ ಕೂರುವುದೆಂದು ಭಾವಿಸುವುದು ಅನ್ಯಾಯ.

ಒಣ ಹವೆಯಲ್ಲಿ ತೆನೆ ಮಾಗುವುದರಿಂದ ಕಾಳು ಬೆಳ್ಳಗೆ ಹೊಳೆಯುತ್ತದೆ. ಕಟಾವಿನ ಹೊತ್ತಿಗೆ ಮಳೆಗೆ ಸಿಕ್ಕ ಮುಂಗಾರಿ ಜೋಳ ಬೂಸಲು ಹಿಡಿದು ಕಪ್ಪಾಗುತ್ತದೆ.

ಇನ್ನು ದನಗಳ ಮಾತು. ‘ಎಕರೆಗೆ ಎಷ್ಟು ಚೀಲ’ ಎಂದಷ್ಟೇ ಕೇಳುವವರಿಗೆ ಕಣಿಕೆ, ಅಂದರೆ ದನದ ಮೇವಾಗುವ ಜೋಳದ ಒಣ ದಂಟು, ಕಾಣುವುದಿಲ್ಲ. ಮಾಲದಂಡಿ ಎಂಬ ಜೋಳದ ತಳಿ ಇಂದಿಗೂ ಉಳಿದಿರುವುದಕ್ಕೆ ಅದರ ರೊಟ್ಟಿಯ ರುಚಿಯಷ್ಟೇ ಎತ್ತರದ ಕಣಿಕೆಯೂ ಕಾರಣ. ಬಣವೆ ಇದ್ದರೆ ಬೇಸಿಗೆಯಲ್ಲಿ ಎತ್ತು, ಎಮ್ಮೆ ಮನೆಯಲ್ಲೇ ಉಳಿಯುತ್ತವೆ. ಹಸ್ತವೂ ಹುಸಿಯಾದ ವರ್ಷ ದನ ಸಂತೆಗೆ ಹೋಗುತ್ತವೆ, ಮನೆಯವರು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋಗುತ್ತಾರೆ.

ಈಗ ಮುಂಗಾರಿನಲ್ಲೇ ತೊಗರಿ ಬಿತ್ತುವವರು ಬಹಳ. ಕಾಲುವೆ ನೀರು ಬಂದ ಕಡೆ ಕಬ್ಬು. ಅವರ ಲೆಕ್ಕ ಬೇರೆ. ಆದರೆ ನೀರಾವರಿ ಇಲ್ಲದ ಆಳದ ಎರೆಯಲ್ಲಿ, ದನ ಸಾಕಿದ ಮನೆಗೆ ಹಿಂಗಾರಿ ಜೋಳವೇ ಸರಿ ಎಂದು ನಾನು ಹೇಳುತ್ತೇನೆ. ಬಿತ್ತನೆ ತೀರ ತಡವಾದರೆ ಅದೇ ತೇವಕ್ಕೆ ಕಡಲೆ.